‘ವಾಟ್’ ಅಂದ್ರ ಬರೇ ‘ಏನು’ ಅಲ್ಲ

ಧಾರವಾಡದ ಸಪ್ತಾಪುರದಲ್ಲಿ ಮನೆ ಬಾಡಿಗೆ ಹಿಡಿದವರಿಗಿಂತ ಕಾಟ್ ಬಾಡಿಗೆ ಹಿಡಿದವರೇ ಹೆಚ್ಚಿದ್ದಾರೇನೋ ಅನಿಸುತ್ತದೆ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದಲು ಬಂದವರು. ಕಾಟಿನ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಗೈಡುಗಳ ಗುಡ್ಡೆ. ಅಲ್ಲಿ ಸಂಜೆ ಬ್ಯಾಚಿಗೆ ನಾನು ಇಂಗ್ಲಿಷ್ ವ್ಯಾಕರಣ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ರೋಣದ ಕಡೆಯ ಒಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ಎರಡು ಗೈಡು ಎದೆಗವಚಿಕೊಂಡು ಬಂದಳು. ಎರಡರಲ್ಲೂ ಪೆನ್ಸಿಲಿನ ಗೆರೆ, ಗೆರೆಯ ಪಕ್ಕ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ.

“ಸರ್, ಈ ಗೈಡಿನ್ಯಾಗ ‘ವಾಟ್’ ಪ್ರೊನೌನ್ ಅಂತ ಕೊಟ್ಟಾರ. ಇದರಾಗ ಅಡ್ಜೆಕ್ಟಿವ್ ಅಂತಾರ. ಯಾವ್ದರ ಒಂದು ತಪ್ಪಿರಬೇಕಲ್ರಿ?”

“ಎರಡೂ ಖರೇನ ಅದಾವ.”

“ಹಂಗ ಹ್ಯಾಂಗ ಆಗತೈತ್ರಿ ಸರ್? ಶಬ್ದ ಒಂದ ಐತಲ್ರಿ.”

ಶಬ್ದ ಒಂದೇ ಇದೆ, ನಿಜ. ಅವಳ ಕೈಯಲ್ಲಿದ್ದ ವಾಕ್ಯಗಳು ಮಾತ್ರ ಎರಡು. ಒಂದು ಗೈಡಿನಲ್ಲಿ ‘ವಾಟ್ ಡು ಯು ವಾಂಟ್?’ ಅಂತ ಇತ್ತು, ಇನ್ನೊಂದರಲ್ಲಿ ‘ವಾಟ್ ಕಲರ್ ಡು ಯು ವಾಂಟ್?’. ಗೆರೆ ಎಳೆದದ್ದು ‘ವಾಟ್’ ಕೆಳಗಷ್ಟೇ. ಹಾಗಾಗಿ ಅವಳ ಕಣ್ಣು ಅದರ ಮುಂದಿನ ಶಬ್ದದ ಮೇಲೆ ಹೋಗಿರಲಿಲ್ಲ. ಈ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಾಮಪದ, ಸರ್ವನಾಮ, ವಿಶೇಷಣ ಎಂಬ ಹೆಸರುಗಳು ಶಬ್ದದ ಜಾತಿ, ಹುಟ್ಟಿದಾಗಲೇ ಅಂಟಿಕೊಂಡು ಬರುತ್ತವೆ ಅಂತ ನಾವು ತಿಳಿದಿರುತ್ತೇವೆ. ಇಂಗ್ಲಿಷಿನ ಮಟ್ಟಿಗೆ ಅದು ಸುಳ್ಳು.

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೆಗಲ ಮೇಲಿದ್ದಾಗ ಅದು ಟವೆಲ್. ಬಿಸಿಲೇರಿದರೆ ತಲೆಗೆ ಸುತ್ತಿದ ರುಮಾಲು. ಬಸ್ಸು ಬಂದ ಕೂಡಲೇ ಕಿಟಕಿಯೊಳಗಿಂದ ಒಗೆದರೆ ಅದೇ ರಿಸರ್ವೇಶನ್ ಟಿಕೆಟ್ಟು. ಅದರ ಮೇಲೆ ಇನ್ನೊಬ್ಬ ಕೂತರೆ ಜಗಳ ಗ್ಯಾರಂಟಿ. ಬಟ್ಟೆ ಬದಲಾಗಿಲ್ಲ, ಬಿದ್ದ ಜಾಗ ಬದಲಾಗಿದೆ. ‘ವಾಟ್’ ಕೂಡ ಅಂಥದೇ ಟವೆಲ್.

ಮೊದಲ ವಾಕ್ಯದಲ್ಲಿ ಅದು ಒಂಟಿಯಾಗಿ ನಿಂತಿದೆ. ಬೇಕಾದ ವಸ್ತುವಿನ ಹೆಸರು ಗೊತ್ತಿಲ್ಲ, ಆ ಖಾಲಿ ಜಾಗವನ್ನು ‘ವಾಟ್’ ತುಂಬಿದೆ. ನಾಮಪದದ ಬದಲಿಗೆ ಬಂದದ್ದು ಸರ್ವನಾಮ, ಪ್ರಶ್ನೆ ಕೇಳುತ್ತಿರುವುದರಿಂದ ಪ್ರಶ್ನಾರ್ಥಕ ಸರ್ವನಾಮ. ಎರಡನೆಯ ವಾಕ್ಯದಲ್ಲಿ ನಾಮಪದ ಪಕ್ಕದಲ್ಲೇ ಕೂತಿದೆ: ‘ಕಲರ್’. ‘ವಾಟ್’ ಅದಕ್ಕೆ ಆತುಕೊಂಡು, ಎಂಥ ಬಣ್ಣ, ಯಾವ ಬಣ್ಣ ಅಂತ ಕೇಳುತ್ತಿದೆ. ಅದಕ್ಕೇ ವಿಶೇಷಣ. ಹೊಸ ವ್ಯಾಕರಣಗಳು ಇದನ್ನೇ ‘ಡಿಟರ್ಮೈನರ್’ ಎನ್ನುತ್ತವೆ. ಪರೀಕ್ಷೆಯ ಆಯ್ಕೆಗಳಲ್ಲಿ ‘ಡಿಟರ್ಮೈನರ್’ ಇದ್ದರೆ ಅದಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ‘ಅಡ್ಜೆಕ್ಟಿವ್’ಗೆ. ಹೆಸರು ಎರಡು, ಕೆಲಸ ಒಂದೇ. ಈ ಒಂದು ಗೊಂದಲಕ್ಕೆ ಎಷ್ಟು ಹುಡುಗರು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೋ ದೇವರಿಗೇ ಗೊತ್ತು.

ಕನ್ನಡದಲ್ಲಿ ಈ ತಾಪತ್ರಯ ಕಡಿಮೆ. ಏಕೆಂದರೆ ನಮ್ಮಲ್ಲಿ ಕೆಲಸ ಬದಲಾದರೆ ಶಬ್ದದ ರೂಪವೂ ಹೆಚ್ಚಾಗಿ ಬದಲಾಗುತ್ತದೆ. ನಾಮಪದದ ಮುಂದೆ ಬಂದರೆ ‘ಯಾವ’, ಒಂಟಿಯಾಗಿದ್ದರೆ ‘ಯಾವುದು’. ‘ಯಾವ ಸೀರೆ?’ ಸರಿ, ‘ಯಾವುದು ಬೇಕು?’ ಸರಿ. ‘ಯಾವುದು ಸೀರೆ?’ ಅಂದರೆ ಅರ್ಥವೇ ಬೇರೆಯಾಗುತ್ತದೆ, ಇವುಗಳಲ್ಲಿ ಸೀರೆ ಅನ್ನೋದು ಯಾವುದು ಅಂತ ಕೇಳಿದ ಹಾಗೆ. ‘ಏನು’ ಮಾತ್ರ ‘ವಾಟ್’ ಹಾಗೆ ಎರಡೂ ಕಡೆ ಓಡಾಡುತ್ತದೆ: ‘ಏನ್ ಬೇಕ್ರಿ?’ ಅಂತಲೂ ಕೇಳುತ್ತೇವೆ, ‘ಏನ್ ಕೆಲಸಾ ಮಾಡ್ತಾರ್ರೀ?’ ಅಂತಲೂ ಕೇಳುತ್ತೇವೆ. ಎರಡನೆಯದರಲ್ಲಿ ‘ಏನು’ ವಿಶೇಷಣ. ಇದನ್ನು ನಮಗೆ ಯಾವ ಮಾಸ್ತರರೂ ಕಲಿಸಿಲ್ಲ, ಕಲಿಸುವ ಅಗತ್ಯವೂ ಬೀಳಲಿಲ್ಲ.

‘ಯಾವ’ ಎಂದು ತರ್ಜುಮೆ ಮಾಡಿದಾಗ ಇನ್ನೊಂದು ತೊಡಕು ಬರುತ್ತದೆ, ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ‘ವಾಟ್ ಕಲರ್’ ಬೇರೆ, ‘ವಿಚ್ ಕಲರ್’ ಬೇರೆ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗೆ ಕಾಲಿಟ್ಟ ಕೂಡಲೇ ಅಂಗಡಿಯವ ಕೇಳುವುದು ‘ವಾಟ್ ಕಲರ್’, ಇನ್ನೂ ಏನೂ ಬಿಚ್ಚಿ ತೋರಿಸಿಲ್ಲ, ಜಗತ್ತಿನ ಯಾವ ಬಣ್ಣವಾದರೂ ಆಗಬಹುದು. ಮೂರು ಇಳಕಲ್ ಸೀರೆ ಗಾದಿಯ ಮೇಲೆ ಹರವಿದ ನಂತರ ಕೇಳುವುದು ‘ವಿಚ್ ಕಲರ್’. ನಮ್ಮ ‘ಯಾವ’ ಎರಡಕ್ಕೂ ಸಾಕು, ಅದಕ್ಕೇ ನಾವು ಇಂಗ್ಲಿಷಿನಲ್ಲಿ ಒಂದನ್ನೇ ಎಲ್ಲ ಕಡೆ ಉಜ್ಜುತ್ತೇವೆ.

ಇಷ್ಟರವರೆಗೆ ‘ವಾಟ್’ ಪ್ರಶ್ನೆಯನ್ನೇ ಕೇಳುತ್ತಿತ್ತು. ಇನ್ನು ಮುಂದಿನದು ನನ್ನ ಬ್ಯಾಚಿನಲ್ಲಿ ಪ್ರತಿಸಲ ಒಂದು ವಾರ ತಿನ್ನುವ ಭಾಗ. ಅಲ್ಲಿ ‘ವಾಟ್’ ಇದೆ, ಪ್ರಶ್ನೆಯೇ ಇಲ್ಲ.

‘ಐ ಏಟ್ ವಾಟ್ ಶಿ ಕುಕ್ಡ್.’ ಇದನ್ನು ಕನ್ನಡಕ್ಕೆ ತನ್ನಿ ಅಂದರೆ ಹೊಸಬರು ‘ಅವಳು ಏನು ಅಡುಗೆ ಮಾಡಿದಳು ನಾನು ತಿಂದೆ’ ಅಂತ ಬರೆದು ತಾವೇ ನಗುತ್ತಾರೆ. ಮನೆಯಲ್ಲಿ ನಾವು ಹೇಳುವುದು ‘ಆಕಿ ಮಾಡಿದ್ದು ಉಂಡೆ’ ಅಂತ. ಮುಗಿಯಿತು. ‘ಏನು’ ಎಲ್ಲಿ ಹೋಯಿತು? ಅದು ಬರಲೇ ಇಲ್ಲ. ಅದರ ಕೆಲಸವನ್ನು ‘ಮಾಡಿದ್ದು’ ಎಂಬುದರ ಕೊನೆಯ ‘ದು’ ಮಾಡಿತು. ಮಾಡಿದ್ದು, ಹೇಳಿದ್ದು, ಕೊಟ್ಟದ್ದು, ಕಂಡದ್ದು, ಈ ‘ದು’ ಕ್ರಿಯೆಯನ್ನು ಹಿಡಿದು ವಸ್ತುವನ್ನಾಗಿ ಮಾಡಿಬಿಡುತ್ತದೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯನ್ನು ಇಂಗ್ಲಿಷಿಗೆ ಹಾಕಿದರೆ ಅದರೊಳಗೆ ‘ವಾಟ್’ ಬಾರದೆ ವಿಧಿಯಿಲ್ಲ. ಆದರೆ ಗಾದೆಯಲ್ಲಿ ‘ಏನು’ ಎಂಬ ಶಬ್ದದ ಸುಳಿವೂ ಇಲ್ಲ.

ಇಲ್ಲಿ ‘ವಾಟ್’ ಒಂದೇ ಶಬ್ದವಾಗಿ ಎರಡು ಶಬ್ದಗಳ ಕೂಲಿ ಮಾಡುತ್ತಿದೆ. ‘ದಿ ಥಿಂಗ್ ದ್ಯಾಟ್’, ಅಂದರೆ ವಸ್ತುವೂ ಅದೇ, ಆ ವಸ್ತುವನ್ನು ಮುಂದಿನ ವಾಕ್ಯಕ್ಕೆ ಕಟ್ಟುವ ಹಗ್ಗವೂ ಅದೇ. ವ್ಯಾಕರಣದಲ್ಲಿ ಇದು ಸಂಬಂಧಾರ್ಥಕ ಸರ್ವನಾಮ, ‘ರಿಲೇಟಿವ್ ಪ್ರೊನೌನ್’. ಅದರಲ್ಲೂ ತಾನು ಸೂಚಿಸುವ ನಾಮಪದವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಜಾತಿ. ‘ಹೂ’, ‘ವಿಚ್’ಗಳು ಸಾಮಾನ್ಯವಾಗಿ ಒಂದು ನಾಮಪದದ ಬೆನ್ನು ಹತ್ತಿ ಬರುತ್ತವೆ: ‘ದಿ ಮ್ಯಾನ್ ಹೂ ಕೇಮ್’, ‘ದಿ ಬಸ್ ವಿಚ್ ಲೆಫ್ಟ್’. ‘ವಾಟ್’ಗೆ ಮುಂದೆ ಯಾರೂ ನಡೆಯಬೇಕಿಲ್ಲ. ‘ದಿ ಥಿಂಗ್ ವಾಟ್ ಶಿ ಕುಕ್ಡ್’ ಅಂತ ಬರೆದರೆ ಒಂದೇ ವಸ್ತುವಿಗೆ ಎರಡು ಸಲ ಬಿಲ್ ಹರಿದ ಹಾಗೆ.

ಈಗ ಅದೇ ತುಂಡನ್ನು ಬೇರೆ ಕಡೆ ಹಚ್ಚೋಣ. ‘ಐ ಡೋಂಟ್ ನೋ ವಾಟ್ ಶಿ ಕುಕ್ಡ್.’ ‘ವಾಟ್ ಶಿ ಕುಕ್ಡ್’ ಅಕ್ಷರಕ್ಕೆ ಅಕ್ಷರ ಅದೇ. ಕನ್ನಡಕ್ಕೆ ತಂದು ನೋಡಿ: ‘ಆಕಿ ಏನ್ ಮಾಡ್ಯಾಳಂತ ಗೊತ್ತಿಲ್ಲ.’ ಮೊದಲ ವಾಕ್ಯದಲ್ಲಿ ಕರಗಿಹೋಗಿದ್ದ ‘ಏನು’ ಇಲ್ಲಿ ಮತ್ತೆ ಎದ್ದು ಕೂತಿತು! ಏಕೆಂದರೆ ಇದರೊಳಗೆ ಒಂದು ಪ್ರಶ್ನೆ ಅಡಗಿದೆ. ಆಕೆ ಏನು ಮಾಡಿದಳು ಎಂಬ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ ಅಂತ ಹೇಳುತ್ತಿದ್ದೇನೆ. ಇಲ್ಲಿ ‘ವಾಟ್’ ಪ್ರಶ್ನಾರ್ಥಕ ಸರ್ವನಾಮವೇ, ದೊಡ್ಡ ವಾಕ್ಯದ ಹೊಟ್ಟೆಯೊಳಗೆ ಮಲಗಿದೆ ಅಷ್ಟೇ.

ಇಂಗ್ಲಿಷ್ ಗೈಡುಗಳು ಇವೆರಡನ್ನು ಬೇರೆ ಮಾಡಲು ‘ದಿ ಥಿಂಗ್ ದ್ಯಾಟ್’ ಹಾಕಿ ನೋಡಿ ಎನ್ನುತ್ತವೆ. ಅದೂ ಆಗುತ್ತದೆ. ಆದರೆ ಕನ್ನಡದವರ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಒರೆಗಲ್ಲು ಇದೆ. ವಾಕ್ಯವನ್ನು ಮನೆಯಲ್ಲಿ ಮಾತಾಡುವ ಕನ್ನಡಕ್ಕೆ ತನ್ನಿ, ‘ಏನು’ ಉಳಿದರೆ ಪ್ರಶ್ನಾರ್ಥಕ, ‘ಏನು’ ಅಳಿಸಿ ‘ದ್ದು’ ಬಂದರೆ ಸಂಬಂಧಾರ್ಥಕ. ‘ಟೆಲ್ ಮಿ ವಾಟ್ ಹ್ಯಾಪನ್ಡ್’ ಅಂದರೆ ‘ಏನಾತು ಹೇಳು’, ಪ್ರಶ್ನಾರ್ಥಕ. ‘ವಾಟ್ ಹ್ಯಾಪನ್ಡ್ ವಾಸ್ ರಾಂಗ್’ ಅಂದರೆ ‘ಆಗಿದ್ದು ತಪ್ಪು’, ಸಂಬಂಧಾರ್ಥಕ. ಈ ಒರೆಗಲ್ಲಿಗೆ ಒಂದು ಸಣ್ಣ ಬಿರುಕೂ ಇದೆ, ಮುಚ್ಚಿಡುವುದಿಲ್ಲ: ‘ನೀ ಏನ್ ಕೇಳ್ತೀಯೋ ಅದನ್ನ ಕೊಡತೇನಿ’ ಅಂತಲೂ ನಾವು ಹೇಳುತ್ತೇವೆ. ಅಲ್ಲಿ ‘ಏನು’ ಉಳಿದಿದ್ದರೂ ಪ್ರಶ್ನೆ ಇಲ್ಲ. ಆದರೆ ಹಿಂದೆ ‘ಓ’, ಮುಂದೆ ‘ಅದು’ ಬಂದು ಗುಟ್ಟು ಬಿಟ್ಟುಕೊಡುತ್ತವೆ. ‘ಕೇಳಿದ್ದು ಕೊಡತೇನಿ’ ಅಂತ ತಿರುಗಿಸಲು ಬಂದರೆ ಸಂಬಂಧಾರ್ಥಕ ಎಂದೇ ತಿಳಿಯಿರಿ.

ಹೊಟ್ಟೆಯೊಳಗಿನ ಪ್ರಶ್ನೆ ಅಂದಾಗ ನನಗೆ ನನ್ನದೇ ಒಂದು ಮಾತು ನೆನಪಾಗುತ್ತದೆ. ಮೊದಲ ಸಲ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಯಾವುದೋ ಪುಸ್ತಕದ ಲೇಖಕ ಯಾರು ಅಂತ ಕೇಳಿದರು. ನೆನಪಾಗಲಿಲ್ಲ. ‘ಸಾರಿ ಸರ್, ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್’ ಅಂದೆ. ಮೂವರಲ್ಲಿ ಹಿರಿಯರೊಬ್ಬರು ಕನ್ನಡಕ ಕೆಳಗಿಳಿಸಿ ನೋಡಿದರು. ಗೊತ್ತಿಲ್ಲ ಅಂದದ್ದಕ್ಕೆ ನೋಡಿದರು ಅಂದುಕೊಂಡೆ. ತಪ್ಪಿದ್ದದ್ದು ಎಲ್ಲಿ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

‘ವಾಟ್ ಈಸ್ ಹಿಸ್ ನೇಮ್?’ ಎಂಬುದು ನೇರ ಪ್ರಶ್ನೆ, ಅದರಲ್ಲಿ ‘ಈಸ್’ ಮುಂದೆ ಜಿಗಿದು ಬಂದಿದೆ. ಅದೇ ಪ್ರಶ್ನೆ ದೊಡ್ಡ ವಾಕ್ಯದೊಳಗೆ ಹೋದ ಕೂಡಲೇ ಇಂಗ್ಲಿಷಿನಲ್ಲಿ ಆ ಜಿಗಿತ ನಿಲ್ಲಬೇಕು: ‘ಐ ಡೋಂಟ್ ನೋ ವಾಟ್ ಹಿಸ್ ನೇಮ್ ಈಸ್’. ‘ವಾಟ್ ಡು ದೇ ವಾಂಟ್?’ ಒಳಗೆ ಹೋದರೆ ‘ಡು’ ಉದುರಿ ‘ವಾಟ್ ದೇ ವಾಂಟ್’ ಆಗಬೇಕು. ‘ವಾಟ್ ಹ್ಯಾಪನ್ಡ್?’ ಮಾತ್ರ ಇದ್ದಂತೆಯೇ ಇರುತ್ತದೆ, ಯಾಕೆಂದರೆ ಅಲ್ಲಿ ‘ವಾಟ್’ ತಾನೇ ಕರ್ತೃ, ಜಿಗಿದವರು ಯಾರೂ ಇಲ್ಲ.

ನಮ್ಮವರು ಇದರಲ್ಲಿ ತಪ್ಪುವುದು ದಡ್ಡತನದಿಂದಲ್ಲ. ನಮ್ಮ ‘ಅಂತ’ದಿಂದ. ಕನ್ನಡದ ‘ಅಂತ’ ಒಂದು ಗೋಣಿಚೀಲ ಇದ್ದ ಹಾಗೆ. ಎಂಥ ವಾಕ್ಯವನ್ನಾದರೂ ಮುರಿಯದೆ, ಮಡಚದೆ ಅದರೊಳಗೆ ಇಳಿಸಿ ಬಾಯಿ ಕಟ್ಟಬಹುದು. ‘ಅವರ ಹೆಸರೇನು?’ ಎಂಬುದನ್ನು ಇಡಿಯಾಗಿ ಎತ್ತಿ ‘ಅವರ ಹೆಸರೇನಂತ ಗೊತ್ತಿಲ್ಲ’ ಅನ್ನುತ್ತೇವೆ. ಒಳಗಿನ ಪ್ರಶ್ನೆಯ ಒಂದು ಅಕ್ಷರವೂ ಸ್ಥಾನ ಬಿಟ್ಟು ಕದಲುವುದಿಲ್ಲ. ಅದೇ ಚೀಲದ ಅಭ್ಯಾಸದಲ್ಲಿ ಇಂಗ್ಲಿಷ್ ಪ್ರಶ್ನೆಯನ್ನೂ ಇಡಿಯಾಗಿ ಎತ್ತಿ ಇಡುತ್ತೇವೆ. ಇಂಗ್ಲಿಷಿನ ಹತ್ತಿರ ಅಂಥ ಚೀಲ ಇಲ್ಲ. ನೂರು ಸಲ ‘ರೂಲ್’ ಉರು ಹೊಡೆಸುವುದಕ್ಕಿಂತ ಈ ಒಂದು ಮಾತು ಹೇಳಿದರೆ ಹುಡುಗರಿಗೆ ಬೇಗ ಹತ್ತುತ್ತದೆ ಎಂಬುದು ನನ್ನ ಅನುಭವ.

ಇನ್ನು ಉದ್ಗಾರ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಹಾಡಿದ ನೆಲ ಇದು, ಉದ್ಗಾರಕ್ಕೆ ನಮಗೆ ಉದಾಹರಣೆ ಹುಡುಕಬೇಕಿಲ್ಲ. ಬೈಠಕ್ಕಿನಲ್ಲಿ ಪಕ್ಕದವರು ತೊಡೆ ತಟ್ಟಿ ‘ಏನ್ ದನಿ!’ ಎನ್ನುತ್ತಾರೆ. ಮತ್ತೊಂದು ಸಲ ‘ಏನ್ ಚಂದ ಹಾಡಿದ್ರು!’ ಎನ್ನುತ್ತಾರೆ. ನಮಗೆ ಎರಡಕ್ಕೂ ‘ಏನ್’. ಇಂಗ್ಲಿಷ್ ಇಲ್ಲಿ ದಾರಿ ಕವಲೊಡೆಸುತ್ತದೆ. ಉದ್ಗಾರ ನಾಮಪದದ ಮೇಲೆ ಬಿದ್ದರೆ ‘ವಾಟ್’: ‘ವಾಟ್ ಎ ವಾಯ್ಸ್!’ ಬರೀ ಗುಣದ ಮೇಲೆ ಬಿದ್ದರೆ ‘ಹೌ’: ‘ಹೌ ಬ್ಯೂಟಿಫುಲಿ ಶಿ ಸ್ಯಾಂಗ್!’ ಈ ‘ವಾಟ್’ ಕೂಡ ವಿಶೇಷಣದ ಸಾಲಿನಲ್ಲೇ ಬರುತ್ತದೆ, ಆದರೆ ‘ಎ’ಗಿಂತಲೂ ಮುಂದೆ ನಿಲ್ಲುವ ಸೊಕ್ಕು ಇದಕ್ಕೆ. ಎಣಿಸಲು ಬಾರದ ನಾಮಪದ ಬಂದರೆ ಆ ‘ಎ’ ಮಾಯ. ಧಾರವಾಡದ ಜಿಟಿಜಿಟಿ ಮಳೆ ನೋಡಿ ಎಲ್ಲರೂ ಸ್ಟೇಟಸ್ಸಿಗೆ ‘ವಾಟ್ ಎ ವೆದರ್’ ಅಂತ ಹಾಕುತ್ತಾರೆ. ಮಳೆ ಚಂದವೇ, ‘ಎ’ ಮಾತ್ರ ತಪ್ಪು. ‘ವಾಟ್ ವೆದರ್!’ ಸಾಕು.

ಕ್ರಿಯಾವಿಶೇಷಣವಾಗಿ ‘ವಾಟ್’ ಅಪರೂಪ. ‘ವಾಟ್ ಡಸ್ ಇಟ್ ಮ್ಯಾಟರ್?’ ಎಂಬಲ್ಲಿ ಅದು ಯಾವ ವಸ್ತುವನ್ನೂ ಕೇಳುತ್ತಿಲ್ಲ, ಎಷ್ಟರ ಮಟ್ಟಿಗೆ ಎಂದು ಕೇಳುತ್ತಿದೆ. ನಾವು ‘ಏನ್ ಫರಕ್ ಬೀಳತೈತಿ?’ ಅಂದ ಹಾಗೆ. ‘ವಾಟ್ ವಿತ್’ ಎಂಬ ಜೋಡಿ ಇನ್ನೂ ಮಜವಾಗಿದೆ. ‘ವಾಟ್ ವಿತ್ ದಿ ರೇನ್ ಅಂಡ್ ದಿ ಟ್ರಾಫಿಕ್, ವಿ ಮಿಸ್ಡ್ ದಿ ಟ್ರೇನ್.’ ಮಳೆಯೂ ಕಾರಣ, ಟ್ರಾಫಿಕ್ಕೂ ಕಾರಣ, ಎಲ್ಲ ಸೇರಿ ಟ್ರೇನು ತಪ್ಪಿತು ಎಂಬರ್ಥ. ಹುಡುಗರು ಇದನ್ನು ಕಂಡರೆ ತಲೆ ಕೆರೆಯುತ್ತಾರೆ. ಆದರೆ ಅವರ ಅಜ್ಜಿ ಮದುವೆಯಿಂದ ಬಂದು ‘ಊಟೇನು, ಓಲಗೇನು, ಜನಾ ಏನು!’ ಅಂತ ಒಂದೊಂದಕ್ಕೂ ‘ಏನು’ ಹಚ್ಚಿ ಎಣಿಸಿದಾಗ ಅವರಿಗೆ ಏನೂ ಕಷ್ಟವಾಗಿರಲಿಲ್ಲ.

‘ವಾಟ್! ಮತ್ತ ಫೇಲ್?’ ಅಂದಾಗ ಅದು ಭಾವಸೂಚಕ ಅವ್ಯಯ, ಇಂಟರ್‌ಜೆಕ್ಷನ್. ವಾಕ್ಯಕ್ಕೆ ಕಟ್ಟಿಲ್ಲ, ಗೂಟ ಕಿತ್ತ ದನದಂತೆ ಬೇರೆ ನಿಂತಿದೆ. ‘ದಿ ವಾಟ್ ಅಂಡ್ ದಿ ಹೌ’ ಅಂದಾಗ ಮುಂದೆ ‘ದಿ’ ಬಂದು ನಾಮಪದವೇ ಆಗಿಬಿಡುತ್ತದೆ. ಏನು ಎತ್ತ ವಿಚಾರಿಸದೆ ಹೆಣ್ಣು ಕೊಟ್ಟರು ಅನ್ನುವಾಗ ನಮ್ಮ ‘ಏನು ಎತ್ತ’ವೂ ಹೀಗೇ ನಾಮಪದದ ವೇಷ ಹಾಕಿರುತ್ತದೆ.

‘ಏನು’ ಮಾಡುವ ಒಂದು ಕೆಲಸ ಮಾತ್ರ ‘ವಾಟ್’ ಕೈಯಲ್ಲಿ ಆಗುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ‘ಊಟಾ ಆತೇನ್ರಿ?’, ‘ಬರ್ತೀಯೇನ?’ ಎಂದು ವಾಕ್ಯದ ಬಾಲಕ್ಕೆ ‘ಏನು’ ಹಚ್ಚಿ ಹೌದು-ಅಲ್ಲದ ಪ್ರಶ್ನೆ ಕೇಳುತ್ತೇವಲ್ಲ, ಅದು. ಆಮೇಲೆ ಗೊತ್ತಾಯಿತು, ಒಂದು ಕಾಲಕ್ಕೆ ಇಂಗ್ಲೆಂಡಿನ ದೊಡ್ಡ ಮನೆತನದವರೂ ವಾಕ್ಯದ ಕೊನೆಗೆ ‘ವಾಟ್?’ ಸೇರಿಸುತ್ತಿದ್ದರು, ಎದುರಿನವರು ಹೌದೆನ್ನಲಿ ಅಂತ. ಮೂರನೆಯ ಜಾರ್ಜ್ ದೊರೆಗಂತೂ ಮಾತಿಗೊಮ್ಮೆ ‘ವಾಟ್, ವಾಟ್?’ ಅನ್ನುವ ಚಾಳಿ ಇತ್ತು. ನಮ್ಮ ಪ್ರಶ್ನೆಯ ‘ಏನು’ ಅದಕ್ಕಿಂತ ಬಹಳ ಗಟ್ಟಿ, ಆದರೂ ಆ ದೊರೆ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತಿದ್ದರೆ ಪರಕೀಯ ಅನಿಸುತ್ತಿರಲಿಲ್ಲ.

ಇಷ್ಟು ವೇಷ ಒಂದೇ ಶಬ್ದಕ್ಕೆ ಎಲ್ಲಿಂದ ಬಂತು ಎಂದು ಕೇಳುವವರು ಬ್ಯಾಚಿಗೊಬ್ಬರಾದರೂ ಇರುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ವಾಟ್’ನ ರೂಪ ‘ಹ್ವ್ಯಾಟ್’. ‘ಹೂ’ ಎಂಬುದರ ಹಳೆಯ ರೂಪ ‘ಹ್ವಾ’, ಅದರ ನಪುಂಸಕ ಲಿಂಗವೇ ಈ ‘ಹ್ವ್ಯಾಟ್’. 1066ರ ನಾರ್ಮನ್ ದಾಳಿಯ ನಂತರದ ಲಿಪಿಕಾರರು ಎಚ್ ಮತ್ತು ಡಬ್ಲ್ಯೂಗಳನ್ನು ಅದಲುಬದಲು ಮಾಡಿ ಬರೆದರು, ಅದಕ್ಕೇ ಇವತ್ತಿಗೂ ಸ್ಪೆಲ್ಲಿಂಗಿನಲ್ಲಿ ಕೇಳಿಸದ ಎಚ್ ಕೂತಿದೆ. ಸ್ಕಾಟ್ಲೆಂಡಿನ ಕೆಲವರ ಬಾಯಲ್ಲಿ ಆ ಹಕಾರ ಇನ್ನೂ ಕೇಳಿಸುತ್ತದೆ. ಇನ್ನೂ ಹಿಂದೆ ಹೋದರೆ ಅದು ಹಕಾರವೂ ಅಲ್ಲ, ಕಕಾರ. ಪುಲಿ ಹುಲಿಯಾದಂತೆ, ಪಾಲು ಹಾಲಾದಂತೆ, ಇಂಗ್ಲಿಷ್, ಜರ್ಮನ್ ಸೇರಿದ ಜರ್ಮ್ಯಾನಿಕ್ ಭಾಷೆಗಳಲ್ಲಿ ಹಳೆಯ ‘ಕ್’ ‘ಹ್’ ಆಯಿತು. ಈ ಪಲ್ಲಟಗಳನ್ನು 1822ರಲ್ಲಿ ಜರ್ಮನಿಯ ಭಾಷಾವಿದ್ವಾಂಸ ಯಾಕೊಬ್ ಗ್ರಿಮ್ ನಿಯಮವಾಗಿ ವಿವರಿಸಿದ. ಕಕಾರ ಉಳಿಸಿಕೊಂಡ ದಾಯಾದಿಗಳು ನಮ್ಮ ಕಿವಿಗೆ ಪರಿಚಿತರೇ: ಸಂಸ್ಕೃತದ ‘ಕಃ’, ‘ಕಿಮ್’, ಹಿಂದಿಯ ‘ಕೌನ್’, ‘ಕ್ಯಾ’. ಕನ್ನಡ ಮಾತ್ರ ಈ ಮನೆತನದ್ದಲ್ಲ, ದ್ರಾವಿಡ ಭಾಷೆ, ನಮ್ಮ ಪ್ರಶ್ನೆಗಳು ಹೆಚ್ಚಾಗಿ ‘ಎ’, ‘ಏ’, ‘ಯಾ’ಗಳಿಂದ ಶುರುವಾಗುತ್ತವೆ. ಆದರೂ ಯೋಚನೆಯ ದಾರಿ ಎಷ್ಟು ಹತ್ತಿರ ನೋಡಿ: ‘ವೈ’ ಎಂಬುದು ಅದೇ ‘ಹ್ವ್ಯಾಟ್’ನ ಒಂದು ವಿಭಕ್ತಿ ರೂಪ, ನಮ್ಮ ‘ಯಾತಕ್ಕೆ’ಯಲ್ಲಿ ಚತುರ್ಥಿ ಕೂತಿರುವ ಹಾಗೆ.

ಹಳೆಯ ಇಂಗ್ಲಿಷಿನ ಮಹಾಕಾವ್ಯ ‘ಬೇವುಲ್ಫ್’ ಶುರುವಾಗುವುದೇ ‘ಹ್ವ್ಯಾಟ್’ ಎಂಬ ಶಬ್ದದಿಂದ. ಅದರ ಹಸ್ತಪ್ರತಿಗೆ ಸುಮಾರು 1000 ವರ್ಷ. ಬಹುಕಾಲ ವಿದ್ವಾಂಸರು ಅದನ್ನು ಭಾವಸೂಚಕ ಅವ್ಯಯ ಅಂತಲೇ ಓದಿದರು, ‘ಕೇಳಿರಿ!’ ಎಂದು ಸಭೆಯನ್ನು ಸುಮ್ಮನಾಗಿಸುವ ಕೂಗು ಅಂತ. 2013ರಲ್ಲಿ ಜಾರ್ಜ್ ವಾಕ್ಡನ್ ಎಂಬ ಭಾಷಾವಿಜ್ಞಾನಿ ಅದು ಬೇರೆ ನಿಂತ ಕೂಗಲ್ಲ, ಮುಂದಿನ ವಾಕ್ಯಕ್ಕೇ ಸೇರಿದ ಉದ್ಗಾರ, ‘ರಾಜರ ಪರಾಕ್ರಮವನ್ನು ನಾವು ಏನ್ ಕೇಳಿದ್ದೇವೆ!’ ಎಂಬ ಧಾಟಿಯದು ಎಂದು ವಾದಿಸಿದರು. ಬೈಠಕ್ಕಿನ ‘ಏನ್ ಚಂದ ಹಾಡಿದ್ರು’ ಕೇಳಿದವರಿಗೆ ಈ ವಾದ ವಿಚಿತ್ರ ಅನಿಸದು.

ಇದನ್ನೆಲ್ಲ ಆ ರೋಣದ ಹುಡುಗಿಗೆ ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಮಳೆ ನಿಂತಿತ್ತು. ಅವಳು ಗೈಡಿನಲ್ಲಿದ್ದ ಎರಡೂ ಪ್ರಶ್ನಾರ್ಥಕ ಚಿಹ್ನೆಗಳನ್ನು ರಬ್ಬರಿನಿಂದ ಉಜ್ಜಿದಳು. ಆಮೇಲೆ ಕೇಳಿದಳು:

“ಹಂಗಾರ ಸರ್, ಆ ಬೇವುಲ್ಫದ ‘ವಾಟ್’ ಇಂಟರ್‌ಜೆಕ್ಷನ್ನೋ ಅಲ್ಲೋ ಅನ್ನೋದು ಪಂಡಿತರಿಗೂ ಇನ್ನಾ ಪಕ್ಕಾ ಆಗಿಲ್ಲೇನ್ರಿ?”

“ಇಲ್ಲವಾ, ಇನ್ನಾ ಜಗಳ ನಡದೈತಿ.”

“ಚಲೋ ಆತು ಬಿಡ್ರಿ,” ಅಂದಳು ಗೈಡು ಮುಚ್ಚುತ್ತ, “ಅದು ಪರೀಕ್ಷಾದಾಗ ಬರಂಗಿಲ್ಲ.”